ಬಂತು, ಹೊಡಿ

ಟಕ್ ಟಕ್ ಟಕ್ ಟಕ್ — ಕೀಲಿ ತಿರುಗಿಸಿದ್ದೇ ತಡ ಚಾಸಿಯ ಕೆಳಗೆಲ್ಲೋ ಆ ಕರೆಂಟ್ ಪಂಪು ಬಡಿದುಕೊಳ್ಳಲು ಶುರುಮಾಡಿತು, ಮೊದಲು ಅವಸರ ಅವಸರವಾಗಿ, ಆಮೇಲೆ ಏದುಸಿರು ಇಳಿದವರ ಹಾಗೆ ಒಂದೊಂದೇ, ಟಕ್, ಟಕ್, ಪೈಪಿನ ತುಂಬ ಡೀಸೆಲ್ ಬಂತು ಅಂದರೆ ಅದು ತಾನಾಗಿಯೇ ನಿಧಾನವಾಗುತ್ತದೆ, ಆಗ ಸ್ಟಾರ್ಟ್ ಮಾಡಬೇಕು, ಅದರಲ್ಲೇನೂ ವಿದ್ಯೆ ಇಲ್ಲ, ಆದರೂ ದೇವೇಂದ್ರ ಸ್ಟಾರ್ಟ್ ಮಾಡದೆ ಸ್ಟೇರಿಂಗಿನ ಮೇಲೆ ಕೈಯಿಟ್ಟುಕೊಂಡು ಕೂತಿದ್ದ, ಬಾನೆಟ್ಟಿನ ಆ ಕಡೆಯಿಂದ ಯಾರೋ ಕೂಗಲಿ ಅಂತ ಕಾದ ಹಾಗೆ, ಯಾರು ಕೂಗುತ್ತಾರೆ, ಬಾನೆಟ್ಟಿನ ಆ ಕಡೆ ಇರುವುದು ಸಕಲೇಶಪುರದ ಮಧ್ಯಾಹ್ನದ ಬಿಸಿಲು, ಮೆಕ್ಯಾನಿಕ್ ಪ್ರತಾಪನ ಶೆಡ್ಡು, ಶೆಡ್ಡಿನ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತಾ ನಿಂತ ಪ್ರತಾಪ — ಏನ್ ದೇವಣ್ಣ, ಸೆಲ್ಫ್ ಕೈ ಕೊಡ್ತಾ, ಇಲ್ಲ ಮಾರಾಯ, ಸರಿಯಾಗೈತೆ — ಎಡಗಡೆ ಸೀಟಿನ ಮೇಲೆ ಹಳೆಯ ಪೇಪರಿನಲ್ಲಿ ಸುತ್ತಿದ ಗಂಟು, ಒಂದು ತೆಂಗಿನಕಾಯಿಯಷ್ಟೂ ಇಲ್ಲ, ಲಾರಿಯಿಂದ ಹತ್ತು ತಿಂಗಳ ಹಿಂದೆ ಕಿತ್ತು ಬಿಸಾಕಿಸಿದ್ದ ಹಳೆಯ ಪಂಪು, ಬಿಸಾಕು ಅಂದವನು ತಾನೇ, ಈಗ ಬೆಳಗಿನಿಂದ ಪ್ರತಾಪನ ಗುಜರಿ ಡ್ರಮ್ಮಿನೊಳಗೆ ಮೊಣಕೈ ತನಕ ಕೈ ಹಾಕಿ ತಡಕಿದವನೂ ತಾನೇ, ತಳದಲ್ಲಿ ಸಿಕ್ಕಿತಲ್ಲ, ಸದ್ಯ, ಪ್ರತಾಪ ಬಿಚ್ಚಿ ನೋಡಿ ನಕ್ಕಿದ್ದ, ಇದ್ರ ಒಳಗಿನ ರಬ್ಬರ್ ಪರದೆ ಹರ್ದೋಗೈತೆ ಕಣಣ್ಣ, ಇದು ಎಣ್ಣೆ ಎತ್ತಲ್ಲ, ಗಾಡಿಗೆ ಏನಾರ ಇದನ್ನ ತಿರುಗ ಹಾಕ್ಬುಡ್ತೀಯ, ಗಾಡಿಗಲ್ಲ ಕಣೋ, ಮತ್ತೆ ಇನ್ಯಾವುದಕ್ಕೆ — ಒಂದು ಸೈಕಲ್ ಟ್ಯೂಬಿನ ತುಂಡು ಹಾಕಿ ಹೆಂಗಾದ್ರೂ ಮಾಡ್ಕೊಡು ಅಂದ ದೇವೇಂದ್ರ, ಪ್ರತಾಪ ಕತ್ತರಿಸಿ ಕೂರಿಸಿದ, ನಾಕು ಸಲ ಎತ್ತಿದ್ರೆ ಎತ್ತೀತು, ನಾನಂತೂ ಗ್ಯಾರಂಟಿ ಕೊಡಲ್ಲ. ನಾಕು ಸಲ ಸಾಕು ಅಂದುಕೊಂಡು ದೇವೇಂದ್ರ ಲಾರಿ ಸ್ಟಾರ್ಟ್ ಮಾಡಿದ.

ಪೇಟೆ ಮುಗಿದು ರಸ್ತೆ ಮೇಲಕ್ಕೆ ತಿರುಗಿದರೆ ಎರಡೂ ಕಡೆ ಕಾಫಿ ಹೂವು, ಮೊನ್ನೆ ಬಿದ್ದ ನಾಲ್ಕು ಹನಿಗೆ ಗಿಡವೆಲ್ಲ ಬೆಳ್ಳಗಾಗಿವೆ, ಆ ವಾಸನೆ ಲಾರಿಯೊಳಕ್ಕೆ ನುಗ್ಗಿ ಬಂದು ಇಲ್ಲಿನ ಹಳೆ ಗೊಬ್ಬರದ ವಾಸನೆಯ ಜೊತೆ ಕೂಡಿಕೊಂಡಿತು, ಇಪ್ಪತ್ತೆರಡು ವರ್ಷದಿಂದ ಈ ಮೂತಿ ಲಾರಿ ಹೊತ್ತಿದ್ದು ಗೊಬ್ಬರ, ತಮ್ಮೂರು ಪಾಳ್ಯದ ಸುತ್ತಿನ ಮನೆ ಮನೆಯ ತಿಪ್ಪೆಯಿಂದ ತುಂಬಿಕೊಂಡು ಯಸಳೂರಿನ ಕಾಫಿ ತೋಟಗಳಿಗೆ ಹತ್ತಿಸುವುದು, ಅಣ್ಣನಿಗೆ ಹೆಸರೇ ಗೊಬ್ಬರದ ಬೋರಯ್ಯ, ಹಾಗೆ ಕರೆದರೆ ಅವನಿಗೇನೂ ಬೇಜಾರಿಲ್ಲ, ನಗುತ್ತಿದ್ದ, ನನ್ ಗೊಬ್ಬರ ಇಲ್ದಿದ್ರೆ ನಿಮ್ ಕಾಫಿ ಯಾವ ಗಿಡದಲ್ಲಿ ಬಿಡ್ತದೋ — ಇವನಿಗಿಂತ ಹದಿನಾಲ್ಕು ವರ್ಷ ದೊಡ್ಡವನು ಅಣ್ಣ, ಅಪ್ಪ ಸತ್ತಾಗ ದೇವೇಂದ್ರನಿಗೆ ಮೂರು ವರ್ಷ, ಹೆಗಲ ಮೇಲೆ ಹೊತ್ತು ಬೆಳೆಸಿದವನು, ಗೇರು ಬದಲಿಸುವುದನ್ನು ತನ್ನ ಕೈಯ ಮೇಲೆ ಇವನ ಕೈ ಇಟ್ಟುಕೊಂಡು ಕಲಿಸಿದವನು, ಆಮೇಲೆ ಒಂದಿನ ಹಾಸನದ ಕಣ್ಣಿನ ಡಾಕ್ಟರು ದೀಪ ಬಿಟ್ಟು ನೋಡಿ, ಪೊರೆ ಆಗಿದ್ರೆ ತೆಗೀಬಹುದಿತ್ತು ಯಜಮಾನ್ರೆ, ಇದು ನರ, ಹೋಗಿದ್ದು ವಾಪಸ್ ಬರಲ್ಲ, ಅಂದರು, ಅವತ್ತು ಸಂಜೆ ಅಂಗಳದಲ್ಲಿ ನಿಂತಿದ್ದ ಲಾರಿಯ ಕೀಲಿಯನ್ನು ಅಣ್ಣ ಇವನ ಕೈಗೆ ಹಾಕಿದ, ತಗೋ ದೇವ, ಇನ್ನು ಬಲಗಡೆ ನಿಂದು, ಎಡಗಡೆ ನಂದು, ಅಂದ, ಅಷ್ಟೇ, ಅಳಲಿಲ್ಲ, ಗೊಣಗಲಿಲ್ಲ, ಮಾರನೇ ದಿನ ಎಡಗಡೆ ಬಾಗಿಲು ತಡಕಿಕೊಂಡು ಹತ್ತಿ ಕೂತ. ಅಲ್ಲಿಂದ ಒಂಬತ್ತು ವರ್ಷ ಆ ಸೀಟು ಅವನದ್ದು.

ಎಡಗಡೆ ಕೂತವನಿಗೆ ಕೆಲಸವಿರಲಿಲ್ಲ ಅಂತಲ್ಲ, ಇತ್ತು, ಒಂದೇ ಒಂದು ಇತ್ತು, ಈ ಲಾರಿಯ ಹಳೆ ಪಂಪಿಗೆ ಹೆಬ್ಬೆಟ್ಟಿನುದ್ದದ ಒಂದು ಲಿವರು, ರಾತ್ರಿ ನಿಂತ ಗಾಡಿಗೆ ಬೆಳಿಗ್ಗೆ ಡೀಸೆಲ್ ಇಳಿದುಹೋಗಿರುತ್ತದೆ, ಏರಿನಲ್ಲಿ ಟ್ಯಾಂಕಿನ ಎಣ್ಣೆ ಹಿಂದಕ್ಕೆ ಜಾರಿ ಪೈಪಿಗೆ ಗಾಳಿ ಸೇರುತ್ತದೆ, ಆಗ ಯಾರಾದರೂ ಇಳಿದು ಬಾನೆಟ್ ಎತ್ತಿ ಆ ಲಿವರನ್ನು ಒತ್ತಿ ಒತ್ತಿ ಡೀಸೆಲ್ ಎಳೆಯಬೇಕು, ಅಣ್ಣ ಇಳಿಯುತ್ತಿದ್ದ, ಬಲಗೈಯಲ್ಲಿ ಮಡ್ಗಾರ್ಡು ಹಿಡಿದುಕೊಂಡು ಎಡಗೈ ಒಳಗೆ ಬಿಟ್ಟು ಹೆಬ್ಬೆಟ್ಟಿನಿಂದ ಒತ್ತುತ್ತಿದ್ದ, ಬೇರೆ ಡ್ರೈವರುಗಳೆಲ್ಲ ಫಿಲ್ಟರಿನ ಸ್ಕ್ರೂ ಸಡಿಲಿಸಿ ಗುಳ್ಳೆ ನಿಂತಿತಾ ಅಂತ ಬಗ್ಗಿ ನೋಡುತ್ತಾರೆ, ಇವನಿಗೆ ನೋಡುವುದಕ್ಕೆ ಕಣ್ಣೆಲ್ಲಿ, ಇವನ ಹೆಬ್ಬೆಟ್ಟಿಗೆ ಗೊತ್ತಾಗುತ್ತಿತ್ತು, ಎಣ್ಣೆ ತುಂಬಿದ ತಕ್ಷಣ ಲಿವರು ಹಗುರ ಆಗ್ಬುಡ್ತದೆ ಕಣೋ ದೇವ, ಹೊಟ್ಟೆ ತುಂಬಿದ ಕರು ಕೆಚ್ಚಲು ಬಿಟ್ಟಂಗೆ, ಅನ್ನುತ್ತಿದ್ದ, ಹಗುರವಾದದ್ದೇ ಬಾನೆಟ್ಟಿನ ಆ ಕಡೆಯಿಂದ ಕೂಗು — ಬಂತು, ಹೊಡಿ — ಆ ಮಾತು ಕೇಳದೆ ದೇವೇಂದ್ರ ಒಂದು ದಿನವೂ ಸೆಲ್ಫಿಗೆ ಕೈ ಹಾಕಿದವನಲ್ಲ, ಕೇಳಿದ ಮೇಲೆ ಒಂದೇ ಹೊಡೆತಕ್ಕೆ ಸ್ಟಾರ್ಟ್ ಆಗದೆ ಇದ್ದದ್ದೂ ಇಲ್ಲ, ಬೆಳಿಗ್ಗೆ ಅಂಗಳದಲ್ಲಿ ಒಂದು ಬಂತು ಹೊಡಿ, ಯಸಳೂರಿನ ಏರಿನಲ್ಲಿ ಎರಡು, ತೋಟದ ಸ್ಟೋರಿನ ಮುಂದೆ ಗೊಬ್ಬರ ಇಳಿಸಿ ಹೊರಡುವಾಗ ಒಂದು, ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕೂಡ ತಮಾಷೆ ಮಾಡುತ್ತಿದ್ದ, ಏನ್ ಬೋರಯ್ಯ, ನಿಮ್ ಲಾರಿ ಡೀಸೆಲಲ್ಲಿ ಓಡುತ್ತೋ ನಿನ್ನ ಬಾಯಲ್ಲಿ ಓಡುತ್ತೋ. ಅಣ್ಣ ಆ ಮಾತನ್ನು ಮನೆಗೆ ಬಂದು ಅತ್ತಿಗೆಗೆ ಎರಡೆರಡು ಸಲ ಹೇಳಿದ್ದ.

ಆಮೇಲೆ ಆ ಬಸ್ಸು, ತೊಂಬತ್ತೆಂಟರ ಗೊಬ್ಬರದ ಕಾಲ, ಮೇ ತಿಂಗಳು, ಯಸಳೂರಿನ ಏರು, ಅವತ್ತೊಂದೇ ದಿನ ಏಳು ಸಲ ನಿಂತಿತ್ತು ಲಾರಿ, ಪಂಪು ಮುದಿಯಾಗಿತ್ತು, ಗಾಳಿ ಎಳೆಯುತ್ತಿತ್ತು, ಏಳನೇ ಸಲ ನಿಂತಾಗ ಹಿಂದೆ ಮದುವೆ ದಿಬ್ಬಣದ ಬಸ್ಸು, ದಾರಿ ಸಣ್ಣದು, ಪಕ್ಕ ಹಾಕಲು ಜಾಗವಿಲ್ಲ, ಹಾರನ್ನೋ ಹಾರನ್ನು, ಗೊಬ್ಬರದ ನಾತಕ್ಕೆ ರೇಷ್ಮೆ ಸೀರೆಯ ಹೆಂಗಸರೆಲ್ಲ ಮೂಗು ಮುಚ್ಚಿಕೊಂಡಿದ್ದಾರೆ, ಅಣ್ಣ ಬಾನೆಟ್ಟು ತಡಕುತ್ತಿದ್ದಾನೆ, ಕೊಂಡಿ ಸಿಗುತ್ತಿಲ್ಲ, ಸಿಕ್ಕಿತು, ಒತ್ತುತ್ತಿದ್ದಾನೆ, ಬಸ್ಸಿನ ಕಿಟಕಿಯಿಂದ ಯಾವನೋ ಒಬ್ಬ — ಕುಡ್ಡನ್ನ ಕ್ಲೀನರ್ ಮಾಡ್ಕೊಂಡವ್ನಲ್ಲಪ್ಪ ಇವ್ನು — ಬಸ್ಸು ತುಂಬ ನಗು, ಆ ನಗುವಿಗೆ ದೇವೇಂದ್ರನ ಕಿವಿ ಸುಟ್ಟುಹೋಯಿತು, ಇಳಿದು ಹೋಗಿ ಅವನ ಕಪಾಳಕ್ಕೆ ಬಿಡಬೇಕಾಗಿತ್ತು, ಬಿಡಲಿಲ್ಲ, ಕಿಟಕಿಯಿಂದ ತಲೆ ಹಾಕಿ ಅಣ್ಣನ ಮೇಲೆ ಕಿರುಚಿದ, ಎಷ್ಟೊತ್ತಣ್ಣ, ಬೇಗ ಮಾಡ್ಬಾರ್ದಾ, ಮಾನ ಹೋಯ್ತೈತೆ — ಮಾನ ಅಂದೆನಲ್ಲ, ಆ ಪದ ಎಲ್ಲಿಂದ ಬಂತು ನನ್ನ ಬಾಯಿಗೆ — ಅಣ್ಣ ತಲೆ ಎತ್ತಲಿಲ್ಲ, ಹೆಬ್ಬೆಟ್ಟು ಇನ್ನೂ ಬೇಗ ಬೇಗ ಓಡಿತು, ಸ್ವಲ್ಪ ಹೊತ್ತಿಗೆ ಬಂತು, ಹೊಡಿ, ಅಂದ, ಆದರೆ ಮೆಲ್ಲಗೆ, ಪಕ್ಕದಲ್ಲಿದ್ದವನಿಗೆ ಹೇಳುವ ಹಾಗೆ. ಮಾರನೇ ದಿನವೇ ದೇವೇಂದ್ರ ಪ್ರತಾಪನ ಶೆಡ್ಡಿಗೆ ಹೋಗಿದ್ದು, ಈ ಗಾಡಿಗೆ ಹೊಸ ಪಂಪು ಬೆಂಗಳೂರಲ್ಲೂ ಸಿಗಲ್ಲ ದೇವಣ್ಣ, ಸಿಕ್ಕಿದ್ರೂ ಎರಡೂವರೆ ಸಾವಿರ, ಅದರ ಬದಲು ಗುಜರಿ ಕಾರಿಂದು ಒಂದು ಕರೆಂಟ್ ಪಂಪೈತೆ, ಟ್ಯಾಂಕಿನ ಹತ್ರ ಕೂರಿಸಿ ಎರಡು ಬ್ಯಾಟ್ರೀಲಿ ಒಂದರಿಂದ ವೈರ್ ಎಳ್ದುಬುಟ್ರೆ ಮುಗೀತು, ಎಲ್ಲಾ ಸೇರಿ ಮುನ್ನೂರೈವತ್ತಕ್ಕೆ ಮಾಡ್ಕೊಡ್ತೀನಿ, ಒಬ್ರೂ ಇಳಿಯೋ ಹಂಗಿಲ್ಲ, ಒಬ್ರೂ ಒತ್ತೋ ಹಂಗಿಲ್ಲ. ಮುನ್ನೂರೈವತ್ತು, ಒಳ್ಳೇ ಅಗ್ಗ, ಅಂದುಕೊಂಡಿದ್ದ ದೇವೇಂದ್ರ, ಮತ್ತೆ ಅಣ್ಣನಿಗೂ ಆರಾಮು, ಅಂತಲೂ ಅಂದುಕೊಂಡಿದ್ದ, ಹತ್ತು ತಿಂಗಳಿಂದ ಅದನ್ನೇ ಅಂದುಕೊಳ್ಳುತ್ತಿದ್ದಾನೆ, ಅಣ್ಣನಿಗೆ ಆರಾಮು, ಅಣ್ಣನಿಗೆ ಆರಾಮು, ಸುಳ್ಳು, ನಾಚಿಕೆಯಾಗಿತ್ತು ಅವನಿಗೆ, ಹೆಗಲ ಮೇಲೆ ಹೊತ್ತವನು ಬಾನೆಟ್ಟು ತಡಕುವುದನ್ನು ನಾಲ್ಕು ಜನ ನೋಡಿದರಲ್ಲ ಅಂತ ನಾಚಿಕೆ.

ಬಾಳ್ಳುಪೇಟೆ ಬಂತು, ರಸ್ತೆಗಡ್ಡ ದನ, ಬ್ರೇಕು, ಗಂಟು ಸೀಟಿನಿಂದ ಜಾರಿತು, ಎಡಗೈ ಚಾಚಿ ಹಿಡಿದುಕೊಂಡ, ಜೋಪಾನ, ಅಂಗಡಿ ಮುಂದೆ ನಿಲ್ಲಿಸಿ ಒಂದು ಖಾಲಿ ಬಾಟಲಿ ಕೇಳಿ ಇಸಕೊಂಡ, ಟ್ಯಾಂಕಿನಿಂದ ಅರ್ಧ ಬಾಟಲಿ ಡೀಸೆಲ್ ಬಸಿದುಕೊಂಡ, ಒಳಗಿನ ಎಣ್ಣೆ ಕಾಣುವಂಥ ಮೊಳದುದ್ದದ ಪ್ಲಾಸ್ಟಿಕ್ ಪೈಪು ಪ್ರತಾಪನೇ ಕೊಟ್ಟಿದ್ದಾನೆ, ಮತ್ತೆ ಕೀಲಿ, ಮತ್ತೆ ಟಕ್ ಟಕ್ ಟಕ್ — ಹತ್ತು ತಿಂಗಳ ಹಿಂದೆ ಒಂದು ಬೆಳಿಗ್ಗೆ ಈ ಸದ್ದು ಮೊದಲ ಸಲ ಅಂಗಳದಲ್ಲಿ ಕೇಳಿದ್ದು, ಅದಕ್ಕೆ ಮುಂಚೆ ಅಣ್ಣ ಮೂರು ದಿನ ಮಗಳು ಮಾನಸಳ ಮನೆಗೆ ಅಂತ ಮಾರನಹಳ್ಳಿಗೆ ಹೋಗಿದ್ದ, ಮೊಮ್ಮಗುವಿನ ತೊಟ್ಟಿಲ ಶಾಸ್ತ್ರ, ಅಷ್ಟರಲ್ಲಿ ಕೆಲಸ ಮುಗಿಸಿಬಿಟ್ಟಿದ್ದ ದೇವೇಂದ್ರ, ಒಂದು ಮಾತು ಹೇಳದೆ, ಕೇಳದೆ, ಅಣ್ಣ ವಾಪಸ್ಸು ಬಂದ ಮಾರನೇ ಬೆಳಿಗ್ಗೆ ಎಂದಿನ ಹಾಗೆ ಎದ್ದು ಮುಖ ತೊಳೆದು ಬಂದು ಬಾನೆಟ್ ಎತ್ತಿದ, ಎಡಗೈ ಒಳಗೆ ಬಿಟ್ಟ, ಹೆಬ್ಬೆಟ್ಟು ಹೋಗಬೇಕಾದ ಜಾಗಕ್ಕೇ ಹೋಯಿತು, ಅಲ್ಲಿ ಲಿವರಿಲ್ಲ, ಪಂಪೂ ಇಲ್ಲ, ತೂತು ಮುಚ್ಚಲು ಪ್ರತಾಪ ಕೂರಿಸಿದ್ದ ತಗಡು, ಇದೇ ಲಾರಿಯ ಹಳೆ ನಂಬರ್ ಪ್ಲೇಟಿನ ತುಂಡು, ಅಣ್ಣ ಅದರ ಮೇಲೆ ಹೆಬ್ಬೆಟ್ಟು ಆಡಿಸಿದ, ಉಬ್ಬಿದ್ದ ಬಣ್ಣದ ಅಂಕಿಯನ್ನು ಮುಟ್ಟಿ ಮುಟ್ಟಿ ನೋಡಿದ, ಒಳಗೆ ಕೂತ ದೇವೇಂದ್ರನಿಗೆ ಖುಷಿಯೋ ಖುಷಿ, ಹತ್ಕ ಬಾ ಅಣ್ಣ ಸುಮ್ನೆ, ಇನ್ಮೇಲೆ ನೀನು ಇಳಿಯಂಗಿಲ್ಲ, ಅದೇ ಎಳ್ಕತೈತೆ, ಕೀಲಿ ತಿರುಗಿಸಿದ, ಟಕ್ ಟಕ್ ಶುರುವಾಯಿತು, ಅಣ್ಣ ಕಿವಿ ಕೊಟ್ಟು ನಿಂತ, ಬಂತಾ, ಅಂತ ಕೇಳಿದ, ಒಂಬತ್ತು ವರ್ಷದಲ್ಲಿ ಮೊದಲ ಸಲ ಅವನು ಕೇಳುವವನಾದ, ಬತ್ತೈತೆ ಕಣಣ್ಣ, ಅದು ಬಂದೇ ಬತ್ತೈತೆ, ಅಂತ ಹೇಳಿ ಅದು ನಿಧಾನವಾಗುವ ಮೊದಲೇ ದೇವೇಂದ್ರ ಸೆಲ್ಫ್ ಹೊಡೆದ. ಅಣ್ಣ ಬಾನೆಟ್ ಇಳಿಸಿ ಮೆಲ್ಲಗೆ ಬಂದು ಹತ್ತಿದ. ಒಂದು ವಾರ ಬಂದ, ಎಡಗಡೆ ಕೂತು ಎರಡೂ ಕೈಯನ್ನು ತೊಡೆಯ ಮೇಲೆ ಇಟ್ಟುಕೊಂಡು, ನೆಂಟರ ಮನೆಯಲ್ಲಿ ಕೂತವನ ಹಾಗೆ, ಎಂಟನೇ ದಿನ ಒಳಗಿನಿಂದಲೇ ಅಂದ, ನೀನು ಹೋಗ್ಬಾ ದೇವ, ನಾನ್ಯಾಕೆ ಸುಮ್ನೆ ಜಾಗಕ್ಕೆ — ದೇವೇಂದ್ರ ಇಳಿದು ಹೋಗಿ ಕೈ ಹಿಡಿದು ಕರೆತರಬೇಕಿತ್ತು, ಬೇಜಾರಾ ಅಣ್ಣ ಅಂತ ಕೇಳಬೇಕಿತ್ತು, ಈ ಮನೆಯಲ್ಲಿ ಯಾರೂ ಯಾರನ್ನೂ ಹಾಗೆ ಕೇಳಿದ್ದಿಲ್ಲ, ಆಯ್ತಣ್ಣ ಮಲಗಿರು ಅಂದು ಗಾಡಿ ಹೊಡೆದುಕೊಂಡು ಹೋಗಿಬಿಟ್ಟ. ಏರಿನಲ್ಲಿ ಲಾರಿ ಒಂದು ಸಲವೂ ನಿಲ್ಲಲಿಲ್ಲ.

ನಿಲ್ಲಲಿಲ್ಲ, ಈಗಲೂ ನಿಲ್ಲುವುದಿಲ್ಲ, ಮುನ್ನೂರೈವತ್ತರ ಪಂಪು ಕೊಟ್ಟ ಮಾತು ತಪ್ಪಿಲ್ಲ, ಅಣ್ಣನೇ ನಿಂತುಹೋದ, ಸಂಕ್ರಾಂತಿ ಕಳೆದು ಹತ್ತು ದಿನಕ್ಕೆ ಬಚ್ಚಲ ಬಾಗಿಲಲ್ಲಿ ಬಿದ್ದ, ಲಕ್ವ, ಬಲಗಡೆ ಪೂರ್ತಿ ಹೋಯಿತು, ಬಾಯಿ ಹೋಯಿತು, ಹಾಸನದ ದೊಡ್ಡಾಸ್ಪತ್ರೆಯಲ್ಲಿ ಹನ್ನೆರಡು ದಿನ, ಮನೆಗೆ ಕರ್ಕೊಂಡೋಗಿ ಚೆನ್ನಾಗಿ ನೋಡ್ಕಳಿ ಅಂದರು, ಅದರ ಅರ್ಥ ಎಲ್ಲರಿಗೂ ಗೊತ್ತು, ಆವಾಗಿನಿಂದ ನಡುಮನೆಯ ಚಾಪೆ ಮೇಲೆ, ಎಡಗೈ ಒಂದು ಆಡುತ್ತದೆ, ಅದರಲ್ಲೂ ಹೆಬ್ಬೆಟ್ಟು, ಕಂಬಳಿ ಮೇಲೆ ಕೆಳಕ್ಕೆ ಒತ್ತುತ್ತದೆ, ಮೇಲಕ್ಕೆ ಬರುತ್ತದೆ, ಒತ್ತುತ್ತದೆ, ಬರುತ್ತದೆ, ಏನು ಬೇಕು ಅಂತಾರೋ ತಿಳಿಯಲ್ಲ ಕಣಪ್ಪ, ಬೀಡಿ ಅಂತ ಬೀಡಿ ಇಟ್ಟೆ, ತಳ್ಳಿದ್ರು, ನೀರು ಅಂತ ಲೋಟ ಹಿಡಿದೆ, ಬೇಡ, ಅಂತ ನಂಜಮ್ಮ ಅತ್ತಿಗೆ ಕಣ್ಣೊರೆಸಿಕೊಂಡಿದ್ದಳು, ನೋಡಲು ಬಂದವರೆಲ್ಲ ಒಂದೊಂದು ಹೇಳಿದರು, ನರ ಎಳೀತದೆ, ದೇವರ ಜಪ ಮಾಡ್ತಾವ್ರೆ, ದುಡ್ಡು ಎಣಿಸ್ತಾವ್ರೆ, ದೇವೇಂದ್ರನೂ ನೋಡುತ್ತಿದ್ದ, ದಿನಾ ನೋಡುತ್ತಿದ್ದ, ಹೋದ ಭಾನುವಾರ ಪಕ್ಕ ಕೂತು ಗಂಜಿ ಕುಡಿಸುವಾಗ ಆ ಎಡಗೈಯನ್ನು ತನ್ನ ಅಂಗೈಯಲ್ಲಿ ಇಟ್ಟುಕೊಂಡ, ಹೆಬ್ಬೆಟ್ಟು ಅಂಗೈಯ ಮೇಲೂ ಒತ್ತಿತು, ಬಿಟ್ಟಿತು, ಒತ್ತಿತು, ಚಮಚ ಹಿಡಿದ ಕೈ ಅಲ್ಲೇ ನಿಂತುಹೋಯಿತು ದೇವೇಂದ್ರನಿಗೆ, ಅಯ್ಯೋ, ಇದು ಲಿವರು, ನಮ್ಮಣ್ಣ ಡೀಸೆಲ್ ಎಳೆಯುತ್ತಿದ್ದಾನೆ, ನಾಲ್ಕು ವಾರದಿಂದ ಎಳೆಯುತ್ತಿದ್ದಾನೆ, ಬಂತು ಅನ್ನುವ ತನಕ ಅವನು ಬಿಡುವವನಲ್ಲ, ಯಾವತ್ತು ಬಿಟ್ಟಿದ್ದಾನೆ. ಒಂದು ಸಲ, ಒಂದೇ ಒಂದು ಸಲ ಆ ಹೆಬ್ಬೆಟ್ಟಿನ ಕೆಳಗೆ ಲಿವರು ಹಗುರವಾಗಲಿ, ಆಮೇಲೆ ಅಣ್ಣ ಕೈ ಮಡಿಚಿಕೊಂಡು ಮಲಗಲಿ, ಅಷ್ಟಕ್ಕಾಗಿ ಇವತ್ತು ಬಾಡಿಗೆ ಬಿಟ್ಟು ಸಕಲೇಶಪುರಕ್ಕೆ ಹೋಗಿದ್ದು.

ಪಾಳ್ಯ, ಅಂಗಳ, ಗಾಡಿ ನಿಂತಿತು, ಸ್ಟಾಪ್ ಗುಂಡಿ ಎಳೆದ, ಇಂಜಿನ್ ಸತ್ತಿತು, ಟಕ್ ಟಕ್ ಮಾತ್ರ ಇನ್ನೂ ಇದೆ, ಕೀಲಿ ತೆಗೆಯಲು ಮರೆತಿದ್ದ, ತೆಗೆದ, ಗಂಟು ಬಾಟಲಿ ಪೈಪು ಹಿಡಿದುಕೊಂಡು ಒಳಗೆ ಬಂದರೆ ಅತ್ತಿಗೆ ರಾಗಿ ಕೇರುತ್ತಿದ್ದಳು, ಅವನ ಕೈಯಲ್ಲಿದ್ದದ್ದನ್ನು ನೋಡಿದಳು, ಪೇಪರು ಬಿಚ್ಚುವ ತನಕ ಮೊರ ಹಿಡಿದೇ ನಿಂತಳು, ಇದು ನಮ್ ಗಾಡೀದಲ್ವಾ, ಹೂಂ ಅತ್ಗೆ, ಇದನ್ನ ಯಾಕಪ್ಪ ತಂದೆ — ಅಣ್ಣ ಇದುನ್ನೇ ಒತ್ತುತಾ ಇರದು ಅತ್ಗೆ, ಅಂದ, ಅತ್ತಿಗೆ ಮೊರ ಕೆಳಗಿಟ್ಟಳು, ನಿಂಗೊಂದು ಹೇಳ್ಬೇಕಾ ಬೇಡ್ವಾ ಅಂತ ಇದ್ದೆ ಕಣಪ್ಪ, ಬೀಳೋಕೆ ಮುಂಚೆ, ದಿನಾ ಬೆಳಿಗ್ಗೆ ನೀನು ಗಾಡಿ ಹತ್ತಿದ್ರೆ ಇವ್ರು ಈ ಬಾಗ್ಲ ಹಿಂದೆ ಬಂದು ನಿಂತ್ಕಳೋರು, ಆ ಟಕ್ ಟಕ್ ಕೇಳೋರು, ಅದು ಯಾವಾಗ ನಿಧಾನ ಆಯ್ತದೋ ಆವಾಗ ಬಂತು ಹೊಡಿ ಅನ್ನೋರು, ಇಲ್ಲೇ, ನನಗೆ ಕೇಳೋಷ್ಟು, ಆದ್ರೆ ನೀನು ಅಷ್ಟೊತ್ಗೆ ಹೊಡ್ದುಬುಟ್ಟಿರ್ತಿದ್ದೆ, ಇವ್ನು ಕಾಯಲ್ಲ ಕಣೆ, ಅಂತ ನಕ್ಬುಡೋರು — ದೇವೇಂದ್ರ ಬಾಗಿಲ ಹಿಂದಿನ ಜಾಗ ನೋಡಿದ, ಗೋಡೆಯಲ್ಲಿ ಕೈ ಊರಿದ ಕಡೆ ಸುಣ್ಣ ಸವೆದು ಕಪ್ಪಾಗಿದೆ, ಕಣ್ಣಿಲ್ಲದವನು ಹೊಸ ಪಂಪಿನ ಭಾಷೆಯನ್ನೂ ಒಂದು ವಾರಕ್ಕೆ ಕಲಿತಿದ್ದ, ಕಿವಿಯಲ್ಲಿ, ಎಡಗಡೆ ಸೀಟಿನಲ್ಲಿ ಕೂತೇ ಹೇಳಬಹುದಿತ್ತು, ಬಂತು, ಹೊಡಿ, ಏಳು ಸಲವಲ್ಲ, ಎಪ್ಪತ್ತು ಸಲ ಹೇಳಬಹುದಿತ್ತು, ಇವನು ಎರಡು ಗಳಿಗೆ ಕಾಯಬೇಕಿತ್ತು ಅಷ್ಟೇ, ದಿನಾ ಎರಡು ಗಳಿಗೆ, ಅದಕ್ಕೆ ಮುನ್ನೂರೈವತ್ತೂ ಬೇಕಿರಲಿಲ್ಲ. ಅತ್ತಿಗೆ ಮೊರವನ್ನು ಎತ್ತಿಕೊಂಡು ಒಳಗೆ ಹೋದಳು.

ಚಾಪೆಯ ಪಕ್ಕ ಕೂತ, ಅಣ್ಣ, ನಾನು ದೇವ, ಕಣ್ಣು ಸೂರಿನ ಕಡೆ ಇದೆ, ಕೇಳಿಸಿತೋ ಇಲ್ಲವೋ, ಪೈಪಿನ ಒಂದು ತುದಿ ಬಾಟಲಿಯೊಳಗೆ, ಇನ್ನೊಂದು ಪಂಪಿಗೆ, ಪಂಪನ್ನು ಅಣ್ಣನ ಎಡಗೈಯಲ್ಲಿ ಕೂರಿಸಿದ, ಬೆರಳು ತಾವಾಗಿಯೇ ಸುತ್ತಿಕೊಂಡವು, ಹೆಬ್ಬೆಟ್ಟು ಹುಡುಕಿತು, ಸಿಕ್ಕಿತು, ಅಣ್ಣನ ಮುಖದಲ್ಲಿ ಏನೋ ಒಂದು ಬಿಗಿ ಸಡಿಲವಾದದ್ದನ್ನು ದೇವೇಂದ್ರ ಕಣ್ಣಾರೆ ನೋಡಿದ, ಒತ್ತಿತು, ಬಿಟ್ಟಿತು, ಎಣ್ಣೆ ಹೊರಬರುವ ತೂತಿಗೆ ದೇವೇಂದ್ರ ತನ್ನ ಬೆರಳು ಅಡ್ಡ ಹಿಡಿದ, ತುಂಬಿದರೆ ಲಿವರು ಹಗುರವಾಗಬೇಕಲ್ಲ, ಬಾಟಲಿಯಿಂದ ಡೀಸೆಲ್ ಪೈಪಿನೊಳಗೆ ಗೇಣುದ್ದ ಏರಿತು, ಬಾ, ಬಾ, ಇನ್ನೊಂದು ಗೇಣು, ನಿಂತಿತು, ಜಾರಿ ಇಳಿಯಿತು, ಬೆರಳಿಗೆ ಪುಸ್ ಅಂತ ಗಾಳಿ, ಅಣ್ಣ ಮತ್ತೆ ಒತ್ತಿದ, ಗಾಳಿ, ಸೈಕಲ್ ಟ್ಯೂಬಿನ ತುಂಡು ಎಲ್ಲೋ ಬಿಟ್ಟುಕೊಂಡಿದೆ, ಪ್ರತಾಪ ಮೊದಲೇ ಹೇಳಿದ್ದ, ಗಾಳಿ, ಗಾಳಿ, ಅಣ್ಣನ ಹಣೆಯಲ್ಲಿ ಬೆವರು, ಹೆಬ್ಬೆಟ್ಟು ಬಿಳಿಚಿಕೊಂಡಿದೆ, ನಿಲ್ಲಿಸುತ್ತಿಲ್ಲ, ಯಸಳೂರಿನ ಏರಿನಲ್ಲಿ ಮಾಡಿದ ಹಾಗೆ ಬೇಗ ಬೇಗ ಮಾಡುತ್ತಿದ್ದಾನೆ, ಬೇಡ ಅಣ್ಣ, ಅವಸರ ಏನಿಲ್ಲ ಅಣ್ಣ, ಯಾವ ಬಸ್ಸೂ ಇಲ್ಲ ಹಿಂದೆ, ಪೈಪಿನಲ್ಲಿ ಡೀಸೆಲ್ ಏರುವುದು, ಇಳಿಯುವುದು, ತಡೆಯಲಾಗಲಿಲ್ಲ ದೇವೇಂದ್ರನಿಗೆ, ಅಣ್ಣನ ಕಿವಿಯ ಹತ್ತಿರ ಬಾಯಿಟ್ಟು, ಬಂತು ಕಣಣ್ಣ, ಅಂದ, ಬಂತು, ಬುಡು ಸಾಕು, ಜೋರಾಗಿ ಅಂದ — ಹೆಬ್ಬೆಟ್ಟು ನಿಂತಿತು, ಲಿವರಿನ ಮೇಲೆ ಹಾಗೇ ಕೂತು ಏನನ್ನೋ ಆಲಿಸಿತು, ಒಂದು ಗಳಿಗೆ, ಎರಡು ಗಳಿಗೆ, ದೇವೇಂದ್ರ ಅಣ್ಣನ ತುಟಿಯನ್ನೇ ನೋಡುತ್ತಿದ್ದ, ಅದು ಬಾಯಿಮಾತಿಗೆ ಮೋಸಹೋಗುವ ಹೆಬ್ಬೆಟ್ಟಲ್ಲ, ಕೆಳಕ್ಕೆ ಒತ್ತಿತು, ಮೇಲಕ್ಕೆ ಬಂತು, ಒತ್ತಿತು, ಬಂತು, ಒತ್ತಿತು —